ಐದು ಗ್ರಾಮಗಳೂ ಆಫ್ರಿಕದ ಸಂಧಾನವೂ

ತಾಳಮದ್ದಳೆಯಲ್ಲಿ ‘ಕೃಷ್ಣ ಸಂಧಾನ’ದ ಪ್ರಸಂಗವನ್ನು ಕೇಳಿದವರಿಗೆ ಒಂದು ಸನ್ನಿವೇಶದ ನೆನಪು ಇದ್ದೇ ಇರುತ್ತದೆ. ಕುಲಕ್ಷಯವನ್ನು ತಪ್ಪಿಸಬೇಕೆಂಬ ಹಂಬಲದಿಂದ ಧರ್ಮರಾಯನು ಅರ್ಧರಾಜ್ಯದ ಹಕ್ಕನ್ನು ಬಿಟ್ಟು, ಐದು ಗ್ರಾಮಗಳಾದರೂ ಸಾಕು ಎಂಬಲ್ಲಿಗೆ ಇಳಿಯುತ್ತಾನೆ. ಆಗ ದ್ರೌಪದಿಯು ಬಿಚ್ಚಿದ ಮುಡಿಯನ್ನು ಕೃಷ್ಣನ ಮುಂದೆ ಹಿಡಿದು ನಿಲ್ಲುತ್ತಾಳೆ. ಒಳ್ಳೆಯ ಅರ್ಥಧಾರಿಗಳು ಈ ಎಡೆಯಲ್ಲಿ ಗಂಟೆಗಟ್ಟಲೆ ವಾದ ಹೂಡುವುದುಂಟು. ಅವರ ಮಾತಿನ ಅಲಂಕಾರವನ್ನೆಲ್ಲ ಕಳೆದು ನೋಡಿದರೆ ಉಳಿಯುವ ಪ್ರಶ್ನೆ ಇಷ್ಟೇ: ಸಭೆಯಲ್ಲಿ ಅಪಮಾನಕ್ಕೊಳಗಾದವಳು ಒಬ್ಬಳು, ಅದರ ಲೆಕ್ಕವನ್ನು ಐದು ಗ್ರಾಮಗಳಿಗೆ ಚುಕ್ತಾ ಮಾಡಲು ಹೊರಟವನು ಇನ್ನೊಬ್ಬ. ತನಗೆ ಸಲ್ಲಬೇಕಾದ ನ್ಯಾಯವನ್ನು ತಾನು ಬಿಟ್ಟುಕೊಟ್ಟರೆ ಅದು ಔದಾರ್ಯ. ಮತ್ತೊಬ್ಬರಿಗೆ ಸಲ್ಲಬೇಕಾದುದನ್ನು ಬಿಟ್ಟುಕೊಟ್ಟರೆ ಅದಕ್ಕೆ ಏನೆಂದು ಹೆಸರು?

ಈ ಪ್ರಶ್ನೆಯು ನನಗೆ ಮತ್ತೆ ಎದುರಾದದ್ದು ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ, ಆಫ್ರಿಕ ಖಂಡದ ಭೂಗೋಳ ಪಾಠದ ನಡುವೆ. ನಕ್ಷೆಯನ್ನು ಗೋಡೆಗೆ ತೂಗಹಾಕಿ ನದಿ, ಮರುಭೂಮಿಗಳನ್ನು ತೋರಿಸುತ್ತಿದ್ದಾಗ ವಾಯುಗುಣದ ಮಾತು ಬಂದಿತು. ಕೆಲವು ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದೆ. ವಿಶ್ವಸಂಸ್ಥೆಯಲ್ಲಿರುವ ಆಫ್ರಿಕದ ರಾಷ್ಟ್ರಗಳು 54. ಜನಸಂಖ್ಯೆ ಸುಮಾರು 150 ಕೋಟಿ, ಎಂದರೆ ಲೋಕದ ಜನರಲ್ಲಿ ಐದರಲ್ಲೊಂದು ಪಾಲಿಗೆ ಸಮೀಪ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ಲೋಕವು ವರ್ಷವರ್ಷವೂ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಆ ಖಂಡದ ಪಾಲು ನೂರಕ್ಕೆ ನಾಲ್ಕರಷ್ಟು. ಅದರಲ್ಲಿಯೂ ಹೆಚ್ಚಿನದು ದಕ್ಷಿಣ ಆಫ್ರಿಕ, ಈಜಿಪ್ಟ್, ಅಲ್ಜೀರಿಯ ಮುಂತಾದ ಕೆಲವೇ ದೇಶಗಳದ್ದು. ಸುಮಾರು 60 ಕೋಟಿ ಜನರ ಮನೆಗಳಲ್ಲಿ ಇನ್ನೂ ವಿದ್ಯುದ್ದೀಪವಿಲ್ಲ. ಹೀಗಿದ್ದೂ, ಲೋಕದ ಸರಾಸರಿಗಿಂತ ಆಫ್ರಿಕವೇ ಹೆಚ್ಚು ಬಿಸಿಯೇರುವುದೆಂದು ವಿಶ್ವಸಂಸ್ಥೆಯ ಆಶ್ರಯದ ವಿಜ್ಞಾನಿಗಳ ಮಂಡಲಿಯು 2007ರಲ್ಲಿಯೇ ಎಚ್ಚರಿಸಿತ್ತು. ಅಲ್ಲಿನ ಬೇಸಾಯದ ಬಹುಭಾಗ ಮಳೆಯನ್ನೇ ನಂಬಿದ್ದು. ಮಳೆ ಹಿಂದುಮುಂದಾದರೆ ಒಲೆ ಉರಿಯುವುದಿಲ್ಲ.

“ಹಾಗಾದರೆ ಅವರು ಸುಮ್ಮನೆ ಕುಳಿತಿದ್ದಾರೆಯೇ ಮಾಷ್ಟ್ರೇ?” ಎಂದು ಒಬ್ಬ ಹುಡುಗಿ ಕೇಳಿದಳು. ಸುಮ್ಮನೆ ಕುಳಿತಿಲ್ಲ ಎಂದೆ. ಮರುದಿನದಿಂದ ಮೂರು ನಾಲ್ಕು ಪಾಠಗಳ ಹೊತ್ತನ್ನು ಆ ಕಥೆಯೇ ತಿಂದಿತು. ಪಠ್ಯಕ್ರಮ ಹಿಂದೆ ಬಿತ್ತು, ಅದಕ್ಕಾಗಿ ಪಶ್ಚಾತ್ತಾಪವಿಲ್ಲ.

1988ರಲ್ಲಿ ನೈಜೀರಿಯದ ಕೋಕೋ ಎಂಬ ಸಣ್ಣ ರೇವುಪಟ್ಟಣದಲ್ಲಿ ಸಾವಿರಾರು ಪೀಪಾಯಿಗಳು ಒಬ್ಬ ರೈತನ ಹಿತ್ತಲಿನಲ್ಲಿ ಪತ್ತೆಯಾದುವು. ಇಟಲಿಯಿಂದ ಹಡಗಿನಲ್ಲಿ ಬಂದ ವಿಷತ್ಯಾಜ್ಯ ಅದು. ಆತನಿಗೆ ಸಿಗುತ್ತಿದ್ದ ಬಾಡಿಗೆ ತಿಂಗಳಿಗೆ ನೂರು ಡಾಲರಿನಷ್ಟು. ನೈಜೀರಿಯವು ಸಿಟ್ಟಿಗೆದ್ದು ಆ ಹೊರೆಯನ್ನು ಇಟಲಿಗೇ ಹಿಂದಕ್ಕೆ ಹೊರಿಸಿತು. ಮರುವರ್ಷ ಬಾಸೆಲ್ ನಗರದಲ್ಲಿ ಲೋಕದ ರಾಷ್ಟ್ರಗಳು ಕೂಡಿ ವಿಷತ್ಯಾಜ್ಯದ ಸಾಗಾಟದ ಕುರಿತು ಒಂದು ಒಡಂಬಡಿಕೆ ಮಾಡಿದುವು. ಅದರಂತೆ, ತೆಗೆದುಕೊಳ್ಳುವ ದೇಶವು ಮೊದಲೇ ತಿಳಿದು ಒಪ್ಪಿದರೆ ಕಳಿಸಬಹುದು. ಆಫ್ರಿಕದವರಿಗೆ ಇದು ಸಾಲದೆ ಹೋಯಿತು. ಬಡವನ ಒಪ್ಪಿಗೆಯನ್ನು ನೂರು ಡಾಲರಿಗೆ ಕೊಳ್ಳಬಹುದೆಂಬುದು ಕೋಕೋದಲ್ಲಿ ತಿಳಿದಿತ್ತಲ್ಲ! 1991ರಲ್ಲಿ ಮಾಲಿ ದೇಶದ ಬಮಾಕೋ ನಗರದಲ್ಲಿ ಅವರು ತಮ್ಮದೇ ಒಡಂಬಡಿಕೆಯನ್ನು ಬರೆದುಕೊಂಡರು: ಹೊರಗಿನ ವಿಷತ್ಯಾಜ್ಯ ಆಫ್ರಿಕದ ನೆಲಕ್ಕೆ ಯಾವ ಒಪ್ಪಿಗೆಯಿಂದಲೂ ಬರಕೂಡದು. 1998ರಲ್ಲಿ ಅದು ಜಾರಿಗೆ ಬಂದಿತು.

ಇಲ್ಲಿ ರಾಜಿಯ ಮಾತೇ ಹುಟ್ಟಲಿಲ್ಲ, ಏಕೆಂದರೆ ಬಾಗಿಲು ಅವರದ್ದು, ಅವರು ಮುಚ್ಚಿದರು. 1992ರ ರಿಯೋ ಸಮ್ಮೇಳನದಲ್ಲಿ ಅವರು ಪಟ್ಟು ಹಿಡಿದು ಕೇಳಿದ ಇನ್ನೊಂದು ಒಡಂಬಡಿಕೆ ಮರುಭೂಮೀಕರಣದ ವಿರುದ್ಧವಾದುದು. ಅದು 1994ರಲ್ಲಿ ಸಿದ್ಧವಾದಾಗ ಅದರ ಹೆಸರಿನಲ್ಲಿಯೇ ‘ವಿಶೇಷತಃ ಆಫ್ರಿಕದಲ್ಲಿ’ ಎಂಬ ಅರ್ಥದ ಮಾತು ಸೇರಿತು. ಆದರೆ ಗಾಳಿಗೆ ಬಾಗಿಲಿಲ್ಲ. ಮ್ಯಾಂಚೆಸ್ಟರಿನಲ್ಲೋ ಪಿಟ್ಸ್‌ಬರ್ಗಿನಲ್ಲೋ ನೂರು ವರ್ಷಗಳ ಹಿಂದೆ ಎದ್ದ ಹೊಗೆಯ ಒಂದು ಪಾಲು ಇಂದಿಗೂ ಎಲ್ಲರ ತಲೆಯ ಮೇಲಿದೆ. ಅದನ್ನು ಹಡಗಿಗೆ ಏರಿಸಿ ಹಿಂದಕ್ಕೆ ಕಳಿಸಲಾಗದು. ಆದುದರಿಂದ ಎದುರಾಳಿಯೊಡನೆ ಒಂದೇ ಚಾವಡಿಯಲ್ಲಿ ಕುಳಿತು ಮಾತನಾಡಬೇಕಾಗುತ್ತದೆ. ಮಾತನಾಡುವಲ್ಲಿ ರಾಜಿಯ ಪ್ರಶ್ನೆ ಹುಟ್ಟಿಯೇ ಹುಟ್ಟುತ್ತದೆ.

ರಿಯೋದಲ್ಲಿ ಆದ ವಾಯುಗುಣದ ಒಡಂಬಡಿಕೆಯು ಒಂದು ತತ್ತ್ವವನ್ನು ಒಪ್ಪಿಕೊಂಡಿತ್ತು. ಹೊಣೆ ಎಲ್ಲರದ್ದು, ಆದರೆ ಎಲ್ಲರದ್ದೂ ಸಮಾನವಲ್ಲ. ಹೆಚ್ಚು ಸುಟ್ಟವನದ್ದು, ಹೆಚ್ಚು ಶಕ್ತನಾದವನದ್ದು ಹೆಚ್ಚು. ಎಷ್ಟು ಹೆಚ್ಚು ಎಂಬುದನ್ನು ಹೇಳಲಿಲ್ಲ. ಆ ‘ಎಷ್ಟು’ ಎಂಬುದೇ 2009ರ ಡಿಸೆಂಬರಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ನಡೆದ ಸಮ್ಮೇಳನದ ವಿವಾದವಾಯಿತು.

ಆ ಸಮ್ಮೇಳನದಲ್ಲಿ ಇಬ್ಬರು ಆಫ್ರಿಕದವರು ನಮ್ಮ ದೃಷ್ಟಿಯನ್ನು ಸೆಳೆಯುತ್ತಾರೆ. ಒಬ್ಬರು ಇಥಿಯೋಪಿಯದ ಪ್ರಧಾನಮಂತ್ರಿ ಮೆಲೆಸ್ ಜೆನಾವಿ. ಆಫ್ರಿಕದ ರಾಷ್ಟ್ರನಾಯಕರೆಲ್ಲ ಕೂಡಿ ತಮ್ಮ ಪರವಾಗಿ ಮಾತನಾಡಲು ಆ ವರ್ಷ ಅವರನ್ನು ಮುಂದೆ ನಿಲ್ಲಿಸಿದ್ದರು. ಇನ್ನೊಬ್ಬರು ಸುಡಾನಿನ ರಾಜತಂತ್ರಜ್ಞ ಲುಮುಂಬಾ ಡಿ-ಅಪಿಂಗ್. ಬಡ ಹಾಗೂ ಮುಂದುವರಿಯುತ್ತಿರುವ ರಾಷ್ಟ್ರಗಳ ದೊಡ್ಡ ಕೂಟದ ವಕ್ತಾರರು. ಸಮ್ಮೇಳನಕ್ಕೆ ಮೊದಲು ಇಬ್ಬರ ಮಾತೂ ಒಂದೇ ಬಗೆಯದಾಗಿತ್ತು. ಖಂಡವನ್ನು ಬಲಿಗೊಡುವ ಒಪ್ಪಂದವಾಗುವುದಾದರೆ ಎದ್ದು ಹೊರನಡೆಯಲು ಸಿದ್ಧ ಎಂದು ಸೆಪ್ಟೆಂಬರಿನಲ್ಲಿ ಗುಡುಗಿದವರು ಮೆಲೆಸರೇ. ನವೆಂಬರಿನಲ್ಲಿ ಬಾರ್ಸೆಲೋನದ ಪೂರ್ವಭಾವಿ ಸಭೆಯಲ್ಲಿ ಆಫ್ರಿಕದ ಪ್ರತಿನಿಧಿಗಳು ಮಾತುಕತೆಯನ್ನು ತಡೆದು, ಶ್ರೀಮಂತ ದೇಶಗಳು ತಾವು ಎಷ್ಟು ಹೊಗೆ ಕಡಮೆ ಮಾಡುವರೆಂಬ ಚರ್ಚೆಗೆ ಹೆಚ್ಚು ಸಮಯ ಕೊಡುವಂತೆ ಮಾಡಿದರು.

ಕೋಪನ್‌ಹೇಗನ್ನಿನಲ್ಲಿ ದಾರಿ ಕವಲೊಡೆಯಿತು. ಬಿಸಿಯೇರಿಕೆಯನ್ನು ಎರಡು ಡಿಗ್ರಿಗೆ ನಿಲ್ಲಿಸಿದರೆ ಸಾಕೆಂಬ ಮಾತು ಹರಡಿದಾಗ ಡಿ-ಅಪಿಂಗರು ಅದನ್ನು ಖಂಡತುಂಡವಾಗಿ ವಿರೋಧಿಸಿದರು. ಲೋಕದ ಸರಾಸರಿ ಎರಡಾದರೆ ಆಫ್ರಿಕದ ಬಹುಭಾಗಕ್ಕೆ ಅದು ಮೂರಕ್ಕೂ ಮೇಲೆ. ಅದಕ್ಕೆ ಸಹಿ ಹಾಕುವುದೆಂದರೆ ನಮ್ಮ ಜನರ ಸಾವಿಗೆ ಸಹಿ ಹಾಕಿದಂತೆ ಎಂಬುದು ಅವರ ವಾದದ ಸಾರ. ತಮ್ಮವರ ಸಭೆಯೊಂದರಲ್ಲಿ ಮಾತು ಹೊರಡದೆ ಅವರು ಕಣ್ಣೀರಿಟ್ಟರೆಂದು ಆಗಿನ ವರದಿಗಳು ಹೇಳಿದುವು. ಕೊನೆಯ ರಾತ್ರಿ ಅವರ ಮಾತು ಮಿತಿಮೀರಿತು. ಯಹೂದ್ಯರ ಹತ್ಯಾಕಾಂಡಕ್ಕೆ ಈ ಒಪ್ಪಂದವನ್ನು ಹೋಲಿಸಿದರೆಂದು ಹಲವರು ನೊಂದು ಖಂಡಿಸಿದರು. ಆ ಹೋಲಿಕೆಯನ್ನು ನಾನೂ ಒಪ್ಪಲಾರೆ. ಆದರೆ ಎರಡು ಡಿಗ್ರಿಯ ಕುರಿತು ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆರು ವರ್ಷಗಳ ಮೇಲೆ, 2015ರಲ್ಲಿ, ಪ್ಯಾರಿಸ್ ಒಪ್ಪಂದವು ಎರಡಕ್ಕಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ ಒಂದೂವರೆಗೆ, ಎಂಬುದನ್ನು ಗುರಿಯಾಗಿ ಬರೆದುಕೊಂಡಿತು.

ಮೆಲೆಸ್ ಮಾಡಿದ್ದೇನು? ಸಮ್ಮೇಳನದ ನಡುವೆ ಪ್ಯಾರಿಸಿಗೆ ಹೋಗಿ ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿಯವರೊಡನೆ ಮಾತನಾಡಿ, ಕೋಪನ್‌ಹೇಗನ್ನಿಗೆ ಬಂದು ತಮ್ಮ ಸೂಚನೆಯನ್ನು ಮುಂದಿಟ್ಟರು: ಮೊದಲ ಮೂರು ವರ್ಷ ವರ್ಷಕ್ಕೆ 1,000 ಕೋಟಿ ಡಾಲರ್, 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್. ಇದು ನ್ಯಾಯವಾಗಿ ಸಲ್ಲಬೇಕಾದುದಕ್ಕಿಂತ ಬಹಳ ಕಡಮೆ ಎಂದು ಅವರು ಮುಚ್ಚಿಡಲಿಲ್ಲ. ಪೂರ್ಣ ನಷ್ಟಪರಿಹಾರವನ್ನು ಕೇಳುತ್ತಿರುವ ಆಫ್ರಿಕದ ಬಂಧುಗಳಿಗೆ ಇದರಿಂದ ನಿರಾಶೆಯಾಗುವುದೆಂಬುದನ್ನೂ, ಹಣ ಖಂಡಿತವಾಗಿ ಬರುವಂತೆ, ಅದರ ಆಡಳಿತದಲ್ಲಿ ತಮಗೂ ಒಂದು ಸ್ಥಾನವಿರುವಂತೆ ಬೇಡಿಕೆಯನ್ನು ತಗ್ಗಿಸಿದ್ದೇನೆಂಬುದನ್ನೂ ವೇದಿಕೆಯ ಮೇಲೆಯೇ ತಿಳಿಸಿದರು. ಆಫ್ರಿಕದ ಹಲವು ಸಂಘಟನೆಗಳು ಅವರನ್ನು ದ್ರೋಹಿಯೆಂಬಂತೆ ಜರೆದುವು.

ಇಷ್ಟನ್ನು ಹೇಳಿ ಮುಗಿಸಿದಾಗ ತರಗತಿ ಎರಡು ಪಾಲಾಯಿತು. ಹಲವರಿಗೆ ಡಿ-ಅಪಿಂಗರೇ ಮೆಚ್ಚು. ಮಕ್ಕಳಿಗೆ ಭೀಮನ ಮೇಲೆ ಒಲವು ಹೆಚ್ಚಲ್ಲವೆ? ಆದರೆ ಮೊದಲು ಪ್ರಶ್ನೆ ಕೇಳಿದ ಹುಡುಗಿಯೇ ಎದ್ದುನಿಂತು, “ಹಸಿದವನು ನ್ಯಾಯವನ್ನು ಬೇಯಿಸಿ ತಿನ್ನುತ್ತಾನೆಯೇ ಮಾಷ್ಟ್ರೇ? ಬಂದಷ್ಟು ತೆಗೆದುಕೊಂಡದ್ದೇ ಸರಿ” ಎಂದಳು. ಆ ಮಾತಿಗೆ ಒಡನೆ ಉತ್ತರ ಹೊಳೆಯಲಿಲ್ಲ.

ಮಹಾಭಾರತದಲ್ಲಿ ಧರ್ಮರಾಯನ ರಾಜಿ ಸರಿಯೋ ತಪ್ಪೋ ಎಂಬುದು ಪರೀಕ್ಷೆಗೆ ಒಳಗಾಗಲೇ ಇಲ್ಲ. ದುರ್ಯೋಧನನು ಐದು ಗ್ರಾಮಗಳನ್ನೂ ಕೊಡೆನೆಂದು ಆ ಪ್ರಶ್ನೆಯಿಂದ ಅವನನ್ನು ಪಾರುಮಾಡಿದ. ಅದರ ಬದಲು ಕೊಡುತ್ತೇನೆಂದು ಸಭೆಯಲ್ಲಿ ಒಪ್ಪಿ, ವರ್ಷವರ್ಷವೂ ಮುಂದೂಡಿ, ಕೊನೆಗೆ ಕೊಟ್ಟದ್ದರಲ್ಲಿ ಬಹುಪಾಲನ್ನು ಸಾಲವೆಂದು ಬರೆಸಿಕೊಂಡಿದ್ದರೆ? ಕೋಪನ್‌ಹೇಗನ್ನಿನ ಮಾತಿಗೆ ಆದದ್ದು ಅದು. 2020ಕ್ಕೆ ಬರಬೇಕಾಗಿದ್ದ ವರ್ಷಕ್ಕೆ 10,000 ಕೋಟಿ ಡಾಲರ್ ಮೊದಲ ಬಾರಿ ತುಂಬಿದ್ದು 2022ರಲ್ಲಿ ಎಂದು ಶ್ರೀಮಂತ ರಾಷ್ಟ್ರಗಳ ಕೂಟವಾದ ಓಇಸಿಡಿಯ ಲೆಕ್ಕವೇ ಹೇಳುತ್ತದೆ. ಮಾತು ಕೊಟ್ಟ ವರ್ಷದಿಂದ ಎಣಿಸಿದರೆ ಹದಿಮೂರು ವರ್ಷ. ವನವಾಸ, ಅಜ್ಞಾತವಾಸ ಎರಡನ್ನೂ ಕೂಡಿಸಿದಷ್ಟು. ಸರಕಾರಗಳ ಮೂಲಕ ಬಂದ ಹಣದಲ್ಲಿಯೂ ಮೂರರಲ್ಲಿ ಎರಡು ಪಾಲಿಗೆ ಮಿಕ್ಕಿ ಸಾಲ.

ಸಾಲವೆಂದರೆ ಏನೆಂಬುದಕ್ಕೆ ಒಂದೇ ನಿದರ್ಶನ ಸಾಕು. 2019ರ ಮಾರ್ಚಿನಲ್ಲಿ ‘ಇಡಾಯ್’ ಎಂಬ ಚಂಡಮಾರುತ ಮೊಜಾಂಬಿಕಿನ ಬೈರಾ ನಗರಕ್ಕೆ ಬಡಿಯಿತು. ಆ ದೇಶವೂ ನೆರೆಯ ಜಿಂಬಾಬ್ವೆ, ಮಲಾವಿಗಳೂ ಸೇರಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಂದು ಚಂಡಮಾರುತಕ್ಕೆ ಇದೇ ಕಾರಣವೆಂದು ಬೆರಳಿಟ್ಟು ಹೇಳುವುದು ಸುಲಭವಲ್ಲ. ಆದರೆ ಕಡಲು ಬಿಸಿಯಾದಷ್ಟೂ ಅದರ ಮಳೆಯೂ, ಕಡಲಮಟ್ಟ ಏರಿದಷ್ಟೂ ಅದರ ನೆರೆಯೂ ಹೆಚ್ಚುವುದೆಂಬುದು ನಿಶ್ಚಿತ. ಮುಂದಿನ ತಿಂಗಳು ಅಂತರರಾಷ್ಟ್ರೀಯ ಹಣಕಾಸು ನಿಧಿಯು ಮೊಜಾಂಬಿಕಿಗೆ 11.8 ಕೋಟಿ ಡಾಲರ್ ಕೊಟ್ಟಿತು. ಬಡ್ಡಿಯಿಲ್ಲದ್ದು, ನಿಜ, ಆದರೂ ಸಾಲವೇ. ಮನೆ ಕಳೆದುಕೊಂಡವನು ಮನೆ ಕಟ್ಟುವುದಕ್ಕೆ ಋಣಿಯಾದ.

ಇಲ್ಲಿ ನನ್ನ ಸ್ವಂತ ವಿಷಯವೊಂದನ್ನು ಹೇಳುವುದಕ್ಕೆ ವಾಚಕರು ಕ್ಷಮಿಸಬೇಕು. ಕೆಲವು ವರ್ಷಗಳ ಹಿಂದೆ, ಆಗ ನಾನಿದ್ದ ಶಾಲೆಯ ಮೇಲಣ ಗುಡ್ಡದಲ್ಲಿ ಒಬ್ಬರು ಮುರಕಲ್ಲಿನ ಕೋರೆಯನ್ನು ತೆರೆದರು. ಮಳೆಗಾಲದಲ್ಲಿ ಕೋರೆಯ ಕೆಮ್ಮಣ್ಣು ಇಳಿದು ಬಂದು ಶಾಲೆಯ ಬಾವಿಯನ್ನು ಸೇರಿತು. ಬಾವಿಯನ್ನು ಶುದ್ಧಮಾಡಿಸಿ ಸುತ್ತ ಕಟ್ಟೆ ಎತ್ತರಿಸುವುದಕ್ಕೆ ಐವತ್ತು ಸಾವಿರ ಬೇಕಾಗಿತ್ತು. ರಕ್ಷಕ-ಶಿಕ್ಷಕ ಸಂಘದ ಕಾರ್ಯದರ್ಶಿಯಾಗಿದ್ದ ನಾನು ಮಾತನಾಡಲು ಹೋದೆ. ಅವರು ಹದಿನೈದು ಸಾವಿರ ಕೊಡುತ್ತೇನೆಂದರು. ಜೊತೆಗೆ ಒಂದು ಕಾಗದವನ್ನು ಮುಂದೆ ಚಾಚಿದರು. ಇದು ಶಾಲೆಯ ಮೇಲಿನ ಅಭಿಮಾನದಿಂದ ಕೊಟ್ಟ ದಾನ, ಕೋರೆಗೂ ಬಾವಿಗೂ ಸಂಬಂಧವಿಲ್ಲ, ಮುಂದೆ ಯಾವ ತಗಾದೆಯೂ ಇಲ್ಲ, ಎಂದು ಅದರಲ್ಲಿತ್ತು. ಮಕ್ಕಳು ದೂರದಿಂದ ನೀರು ತರುತ್ತಿದ್ದ ದಿನಗಳು. ಸಹಿ ಹಾಕಿದೆ. ಮುಂದಿನ ಆಷಾಢದಲ್ಲಿ ಬಾವಿ ಮತ್ತೆ ಕೆಂಪಾಯಿತು. ಕೇಳಲು ಹೋದಾಗ ಅವರು ಆ ಕಾಗದವನ್ನು ತೋರಿಸಿದರು.

ಹದಿನೈದು ಸಾವಿರಕ್ಕೆ ಒಪ್ಪಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ದಾನವೆಂಬ ಶಬ್ದಕ್ಕೆ ಒಪ್ಪಿದ್ದು ತಪ್ಪು. ಬಾವಿ ನನ್ನದಾಗಿರಲಿಲ್ಲ, ಮುಂದಿನ ವರ್ಷ ಒಂದನೆಯ ತರಗತಿಗೆ ಸೇರಲಿದ್ದ ಮಕ್ಕಳದ್ದೂ ಆಗಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ನಮ್ಮ ದೇಶದ ಕಾನೂನಿಗೆ ಈ ಸೂಕ್ಷ್ಮ ತಿಳಿದಿದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆಯಂತೆ ತಂದೆಯಾದರೂ ನ್ಯಾಯಾಲಯದ ಅನುಮತಿಯಿಲ್ಲದೆ ಅಪ್ರಾಪ್ತ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ಅದರ ಹಿತಕ್ಕಾಗಿ ನಡೆದುಕೊಳ್ಳಬಹುದು. ಅದರ ಹಕ್ಕನ್ನು ಕಳೆಯುವಂತಿಲ್ಲ.

ಈ ತೂಕದಿಂದ ತೂಗಿದರೆ ಮೆಲೆಸರನ್ನು ದ್ರೋಹಿಯೆನ್ನಲು ನನಗೆ ಮನಸ್ಸು ಬಾರದು. ಅವರು ಮೊತ್ತವನ್ನು ತಗ್ಗಿಸಿದರು. ತಗ್ಗಿಸಿದ್ದೇನೆಂದು ಎಲ್ಲರೆದುರು ಹೇಳಿದರು. ಹಾಗೆ ಹೇಳಿದಾಗ ಉಳಿದ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ನನ್ನ ಕಾಗದಕ್ಕೆ ಸಮನಾದ ಕಾಗದ ಬಂದದ್ದು ಆ ಬಳಿಕ, ಪ್ಯಾರಿಸಿನಲ್ಲಿ. ಅಲ್ಲಿನ ಒಪ್ಪಂದದ ಎಂಟನೆಯ ವಿಧಿಯು ವಾಯುಗುಣದ ಬದಲಾವಣೆಯಿಂದಾಗುವ ಹಾನಿ ನಷ್ಟಗಳನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಗುರುತಿಸಿತು. ಅದೇ ಸಮ್ಮೇಳನದ ನಿರ್ಣಯದ 51ನೆಯ ಕಂಡಿಕೆಯಲ್ಲಿ ಇನ್ನೊಂದು ಸಾಲು ಸೇರಿತು: ಈ ವಿಧಿಯಿಂದ ಯಾರ ಮೇಲೂ ಹೊಣೆಗಾರಿಕೆಯಾಗಲಿ ನಷ್ಟಪರಿಹಾರದ ಹಕ್ಕಾಗಲಿ ಹುಟ್ಟುವುದಿಲ್ಲ. ಅಮೆರಿಕಕ್ಕೆ ಅದು ಬೇಕೇಬೇಕಾಗಿತ್ತು. ಆ ಸಾಲಿಲ್ಲದೆ ಎಂಟನೆಯ ವಿಧಿಯೂ ಇರುತ್ತಿರಲಿಲ್ಲ, ಒಂದೂವರೆ ಡಿಗ್ರಿಯ ಮಾತೂ ಇರುತ್ತಿರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಮಕ್ಕಳಿಗೆ ನೀರು ಬೇಕಾಗಿತ್ತೆಂದು ನಾನೂ ಹೇಳಬಲ್ಲೆ.

ಆಫ್ರಿಕದವರು ಒಂದೇ ದನಿಯವರೆಂದಾಗಲಿ, ಅವರ ಎದುರು ಶ್ರೀಮಂತರು ಮಾತ್ರ ನಿಂತಿರುವರೆಂದಾಗಲಿ ಮಕ್ಕಳಿಗೆ ಕಲಿಸಬಾರದು. ಎಣ್ಣೆ ಮಾರುವ ನೈಜೀರಿಯ, ಅಂಗೋಲಗಳ ಹಿತವೂ ಬರ ಕಾಣುವ ನೈಜರ್, ಚಾಡ್‌ಗಳ ಹಿತವೂ ಒಂದೇ ಅಲ್ಲ. ತಮ್ಮ ಖಂಡದ ವಿಶೇಷ ಪರಿಸ್ಥಿತಿಯನ್ನು ಒಪ್ಪಂದವು ಗುರುತಿಸಬೇಕೆಂದು ಅವರು ವರ್ಷಗಟ್ಟಲೆ ಕೇಳಿದಾಗ, ನಮಗೂ ಅಂತಹದೇ ಕಷ್ಟವಿದೆಯೆಂದು ಅಡ್ಡ ಬಂದವರಲ್ಲಿ ಲ್ಯಾಟಿನ್ ಅಮೆರಿಕದ ಬಡ ದೇಶಗಳೂ ಇದ್ದುವು. ಇನ್ನು ನಮ್ಮ ದೇಶ. 2011ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದ ಆ ದೇಶದ ಸಚಿವೆ ಎನ್‌ಕೋವಾನಾ-ಮಶಾಬಾನೆಯವರು ‘ಇಂಡಾಬ’ ಎಂಬ ಕ್ರಮವನ್ನು ತಂದರು. ಜುಲು ಭಾಷೆಯಲ್ಲಿ ಅದು ಊರ ಹಿರಿಯರ ಕೂಟ. ವೃತ್ತವಾಗಿ ಕುಳಿತು, ಎಲ್ಲರಿಗೂ ಒಪ್ಪಿಗೆಯಾಗುವವರೆಗೆ ಏಳದೆ ಮಾತನಾಡುವುದು. (ಪ್ಯಾರಿಸಿನಲ್ಲಿ ಫ್ರೆಂಚರು ಅದನ್ನೇ ಎರವಲು ಪಡೆದರು. ಆಫ್ರಿಕದಿಂದ ಬಂದ ಈ ವಸ್ತುವಿಗೆ ಅವರು ಸಾಲಪತ್ರ ಬರೆದುಕೊಟ್ಟಂತೆ ಕಾಣೆ.) ಎಲ್ಲರನ್ನೂ ಕಟ್ಟಿಹಾಕುವ ಕರಾರು ಆಗಲೇಬೇಕೆಂದು ಆಫ್ರಿಕದ ದೇಶಗಳೂ ಸಣ್ಣ ದ್ವೀಪಗಳೂ ಯುರೋಪಿನೊಡನೆ ನಿಂತಾಗ, ಅದನ್ನು ಕೊನೆಯವರೆಗೆ ಪ್ರತಿಭಟಿಸಿದವರು ಭಾರತದ ಸಚಿವೆ ಜಯಂತಿ ನಟರಾಜನ್. ತಲೆಯೊಂದರ ಲೆಕ್ಕದಲ್ಲಿ ನಮ್ಮ ಹೊಗೆ ಬಹಳ ಕಡಮೆ, ಬಡವರ ದೀಪವನ್ನು ಒತ್ತೆಯಿಡಲಾರೆವು ಎಂಬುದು ಅವರ ವಾದ. ಅದೂ ಮತ್ತೊಬ್ಬರ ಪರವಾಗಿ ಆಡಿದ ಮಾತೇ. ಕೊನೆಯ ರಾತ್ರಿ ಸಭಾಂಗಣದ ನಡುವೆಯೇ ಗುಂಪುಗೂಡಿ ನಿಂತು ಒಂದು ಶಬ್ದಸಮೂಹವನ್ನು ಹುಡುಕಿ ರಾಜಿ ಮಾಡಿಕೊಂಡರು. ಮೊತ್ತ ಲೆಕ್ಕಿಸಿದರೆ ಇಂದು ಚೀನ, ಅಮೆರಿಕಗಳ ನಂತರ ಹೆಚ್ಚು ಹೊಗೆ ಬಿಡುವ ದೇಶ ನಮ್ಮದು. ತಲೆ ಲೆಕ್ಕಿಸಿದರೆ ಇನ್ನೂ ಲೋಕದ ಸರಾಸರಿಯ ಕೆಳಗೆ. ಬೈರಾದ ನಿವಾಸಿಗೆ ಈ ಎರಡರಲ್ಲಿ ಯಾವುದನ್ನು ಹೇಳಬೇಕೆಂಬುದು ನಮ್ಮ ಮಕ್ಕಳು ಉತ್ತರಿಸಬೇಕಾದ ಪ್ರಶ್ನೆ. 2024ರಲ್ಲಿ ಬಾಕು ನಗರದಲ್ಲಿ, ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದ್ದಕ್ಕೆ 2035ರ ಹೊತ್ತಿಗೆ 30,000 ಕೋಟಿ ಎಂದು ಸುತ್ತಿಗೆ ಬಡಿದಾಗ, ಒಪ್ಪಿಲ್ಲವೆಂದು ಎದ್ದವರಲ್ಲಿ ಭಾರತದ ಪ್ರತಿನಿಧಿಯೂ ನೈಜೀರಿಯದ ಪ್ರತಿನಿಧಿಯೂ ಇದ್ದರು.

2022ರಲ್ಲಿ ಈಜಿಪ್ಟಿನ ಶರ್ಮ್ ಎಲ್-ಶೇಖ್‌ನಲ್ಲಿ, ಆಫ್ರಿಕದ ನೆಲದ ಮೇಲೆಯೇ, ಹಾನಿ ನಷ್ಟಗಳಿಗೆಂದು ಒಂದು ನಿಧಿಯನ್ನು ಸ್ಥಾಪಿಸುವ ನಿರ್ಣಯವಾಯಿತು. ಮರುವರ್ಷ ದುಬೈಯಲ್ಲಿ ಅದಕ್ಕೆ ಬಂದ ವಾಗ್ದಾನ ಸುಮಾರು 70 ಕೋಟಿ ಡಾಲರ್. ಅಲ್ಲಿಯೂ ಹೊಣೆಗಾರಿಕೆಯ ಮಾತಿಲ್ಲ, ಸಹಕಾರವೆಂದು ಹೆಸರು.

ಆದರೆ ಬಿಟ್ಟುಕೊಟ್ಟ ಶಬ್ದ ಬೇರೊಂದು ದಾರಿಯಿಂದ ಮರಳಿ ಬಂದಿತು. ಶಾಂತಸಾಗರದ ಕೆಲವು ಕಾನೂನು ವಿದ್ಯಾರ್ಥಿಗಳು ಹುಟ್ಟುಹಾಕಿ, ವನುವಾಟು ಎಂಬ ಪುಟ್ಟ ದ್ವೀಪರಾಷ್ಟ್ರ ಎತ್ತಿಹಿಡಿದ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮಹಾಸಭೆಯು 2023ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿತು. ಆಫ್ರಿಕದ ಹಲವು ರಾಷ್ಟ್ರಗಳೂ ಆಫ್ರಿಕ ಒಕ್ಕೂಟವೂ ಅಲ್ಲಿ ವಾದ ಮಂಡಿಸಿದುವು. 2025ರ ಜುಲೈ 23ರಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಅಭಿಪ್ರಾಯ ಕೊಟ್ಟರು. ವಾಯುಗುಣವನ್ನು ಕಾಯುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ. ಈ ಒಪ್ಪಂದಗಳಿವೆಯೆಂಬ ಕಾರಣದಿಂದ ಉಳಿದ ಅಂತರರಾಷ್ಟ್ರೀಯ ನ್ಯಾಯ ಅಳಿಸಿಹೋಗುವುದಿಲ್ಲ. ಕರ್ತವ್ಯಚ್ಯುತಿಯಿಂದ ಹಾನಿಯಾಯಿತೆಂದು ಸಿದ್ಧವಾದಲ್ಲಿ ಪರಿಹಾರವೂ ಸಲ್ಲಬಹುದು. ಇದು ಅಭಿಪ್ರಾಯ, ತೀರ್ಪಿನಂತೆ ಕಟ್ಟುವುದಿಲ್ಲ. ಹಣ ತಂದುಕೊಡುವುದೂ ಇಲ್ಲ.

ಆ ಹುಡುಗಿಗೆ ಇದನ್ನು ಹೇಳಿದೆ. “ಹಾಗಾದರೆ ನಿಮ್ಮ ಕಾಗದವೂ ನಿಲ್ಲುವುದಿಲ್ಲವೇ ಮಾಷ್ಟ್ರೇ?” ಎಂದಳು. ಬಾವಿಯ ಕಥೆಯನ್ನು ತರಗತಿಯಲ್ಲಿ ಹೇಳಿದ್ದು ನೆನಪಿರಲಿಲ್ಲ, ಅವಳಿಗೆ ನೆನಪಿತ್ತು. ಪೇಟೆಯಲ್ಲಿ ಪರಿಚಯದ ವಕೀಲರೊಬ್ಬರಿದ್ದಾರೆ, ಕೇಳಿ ಹೇಳುತ್ತೇನೆಂದೆ. 2027ರ ವಾಯುಗುಣ ಸಮ್ಮೇಳನ 2012ರಲ್ಲಿ ತೀರಿಕೊಂಡ ಮೆಲೆಸರ ರಾಜಧಾನಿಯಾಗಿದ್ದ ಅಡಿಸ್ ಅಬಾಬದಲ್ಲಿ ಸೇರಬೇಕೆಂದು ಗೊತ್ತಾಗಿದೆ. ಅಷ್ಟರಲ್ಲಿ ಅವಳು ಹೈಸ್ಕೂಲಿನಲ್ಲಿರುತ್ತಾಳೆ.